ಹಿಮಪಾದುಕಾ ಸಂರಕ್ಷಣ ಮೀಮಾಂಸೆ

ಹಿಮದ ಮೇಲೆ ಜಾರುವ ವಿದ್ಯೆಯ ಬಗ್ಗೆ ಯುರೋಪಿನಲ್ಲಿ ಗ್ರಂಥಗಳಿಗೆ ಬರವಿಲ್ಲ. ಮೊಣಕಾಲು ಎಷ್ಟು ಬಗ್ಗಬೇಕು, ತಿರುವಿನಲ್ಲಿ ಭಾರ ಯಾವ ಕಾಲಿನ ಮೇಲೆ ಬೀಳಬೇಕು ಎಂಬುದನ್ನೆಲ್ಲ ಬಲ್ಲವರು ಬರೆದಿಟ್ಟಿದ್ದಾರೆ. ಆದರೆ ಜಾರಿ ಜಾರಿ ಹಸಿದವನು ಮಧ್ಯಾಹ್ನ ಸ್ಕೀ ಕಳಚಿಟ್ಟು ಬಿಸಿ ಸೂಪು ಕುಡಿಯಲು ಒಳಗೆ ಹೋದ ಮೇಲೆ ಹೊರಗೆ ಆ ಸ್ಕೀಗಳ ಗತಿ ಏನು ಎಂಬ ಪ್ರಶ್ನೆಯನ್ನು ಶಾಸ್ತ್ರೋಕ್ತವಾಗಿ ಕೈಗೆತ್ತಿಕೊಂಡವರು ವಿರಳ. ಬಾಡಿಗೆ ಅಂಗಡಿಯ ರಸೀದಿಯ ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ನಾಲ್ಕು ಸಾಲು ಇರುವುದುಂಟು. ಅದನ್ನು ಶಾಸ್ತ್ರವೆನ್ನಲಾಗದು, ಬೆದರಿಕೆ ಎನ್ನಬಹುದು. ಆದ್ದರಿಂದ ಈ ಪ್ರಬಂಧ.

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ನಮ್ಮ ಹಿರಿಯರ ಪದ್ಧತಿ. ಇಲ್ಲಿ ವಿಷಯ: ಎರಡು ಸ್ಕೀ, ಎರಡು ಕೋಲು, ಒಂದು ಜೊತೆ ಬೂಟು. ಪ್ರಯೋಜನ: ಕೊಟ್ಟ ಠೇವಣಿ ಮರಳಿ ಕೈಸೇರುವುದು. ಸಂಬಂಧ: ವಸ್ತುವಿಗೂ ಬಾಡಿಗೆದಾರನಿಗೂ ಇರುವಂಥದು, ಆರು ದಿನದಲ್ಲಿ ಹರಿಯತಕ್ಕದ್ದು. ಅಧಿಕಾರಿ: ಆಲ್ಪ್ಸ್ ಪರ್ವತಗಳಿಗೆ ರಜೆಯಲ್ಲಿ ಬಂದು ಬಾಡಿಗೆ ಸ್ಕೀ ತೊಟ್ಟ ಯಾರಾದರೂ ಸರಿ, ಮ್ಯೂನಿಕ್‌ನಲ್ಲಿ ಕೋಡ್ ಬರೆದು ಶನಿವಾರ ನಸುಕಿಗೇ ಆಸ್ಟ್ರಿಯಾದ ಟಿರೋಲ್ ಕಡೆಗೆ ಕಾರು ಹೊಡೆಯುವ ಕನ್ನಡಿಗನೂ ಸೇರಿ.

ಮೊದಲ ಸೂತ್ರ: ಒಯ್ದವನೆಲ್ಲ ಕಳ್ಳನಲ್ಲ.

ಇದಕ್ಕೆ ಭಾಷ್ಯ. ಪೂರ್ವಪಕ್ಷದವರು ಹೇಳುತ್ತಾರೆ, ಸ್ಕೀ ಹೋಗುವುದು ಕಳ್ಳರಿಂದ ಎಂದು. ಕಳ್ಳರು ಇಲ್ಲವೆಂದು ಯಾರೂ ವಾದಿಸುತ್ತಿಲ್ಲ. ಆದರೆ ಕಳ್ಳನೆಂಬುವನು ವಿವೇಕಿ. ಅವನ ಕಣ್ಣು ಹೊಚ್ಚಹೊಸ, ದುಬಾರಿ, ಮಾರಿದರೆ ನಾಲ್ಕು ಕಾಸು ಹುಟ್ಟುವ ಸ್ಕೀಗಳ ಮೇಲೆ. ಮೈತುಂಬ ಗೀರು ಬಿದ್ದು, ನೆತ್ತಿಯ ಮೇಲೆ ಅಂಗಡಿಯ ಹೆಸರು, ಬಾರ್‌ಕೋಡು ಎರಡನ್ನೂ ಹೊತ್ತ ಬಾಡಿಗೆ ಸ್ಕೀಯನ್ನು ಅವನು ಮುಟ್ಟಲೂ ಹೇಸುತ್ತಾನೆ. ಹಾಗಾದರೆ ಅದನ್ನು ಒಯ್ದವರಾರು? ಭ್ರಾಂತ. ಅಂಗಡಿಯವರು ಒಂದೇ ಮಾದರಿಯ ಸ್ಕೀಗಳನ್ನು ರಾಶಿಗಟ್ಟಲೆ ಕೊಳ್ಳುತ್ತಾರೆ; ಊರಿಗೆ ಬಂದವರೆಲ್ಲ ಅವನ್ನೇ ತೊಡುತ್ತಾರೆ; ಒಂದೇ ಹೋಟೆಲಿನ ಮುಂದೆ ಒಂದೇ ಹೊತ್ತಿಗೆ ಅವನ್ನು ನಿಲ್ಲಿಸಿ ಉಣ್ಣಲು ಹೋಗುತ್ತಾರೆ. ಒಳಗಿಂದ ಹೊರಬರುವವನಿಗೆ ನೆನಪಿರುವುದು 'ಕೆಂಪು ಬಣ್ಣದ್ದು' ಎಂಬ ಒಂದೇ ಸಂಗತಿ. ಅಷ್ಟರಲ್ಲಿ ಅರ್ಧ ಗಂಟೆ ಹಿಮ ಬಿದ್ದಿದ್ದರೆ ಎಲ್ಲವೂ ಬಿಳಿ. ಪರರ ಸ್ಕೀಯಲ್ಲಿ ತನ್ನದೆಂಬ ಬುದ್ಧಿ ಹುಟ್ಟುವುದು ಆಗಲೇ. ವೇದಾಂತಿಗಳು ಇದನ್ನು ಅಧ್ಯಾಸ ಎನ್ನುತ್ತಾರೆ. ಹಗ್ಗವನ್ನು ಹಾವೆಂದುಕೊಂಡವನು ಹೆದರಿ ಓಡಿಹೋಗುತ್ತಾನಾದ್ದರಿಂದ ಹಗ್ಗಕ್ಕೆ ನಷ್ಟವಿಲ್ಲ. ಇವನು ಸ್ಕೀಯನ್ನು ತೊಟ್ಟುಕೊಂಡೇ ಓಡಿಹೋಗುತ್ತಾನೆ, ವ್ಯತ್ಯಾಸ ಅಷ್ಟೇ.

ಈ ಭ್ರಾಂತಿ ಕಳೆಯಲು ಪ್ರಕೃತಿಯೇ ಒಂದು ಉಪಾಯ ಇಟ್ಟಿದೆ. ಬೂಟನ್ನು ಹಿಡಿದಿಡುವ ಕೊಂಡಿಯನ್ನು, ಅಂದರೆ ಸ್ಕೀಯ ಬೈಂಡಿಂಗನ್ನು, ಬೂಟಿನ ಅಟ್ಟೆಯ ಉದ್ದಕ್ಕೆ ಸರಿಯಾಗಿ ಹೊಂದಿಸಿರುತ್ತಾರೆ. ಅಳತೆ ಬೇರೆಯಾದರೆ ಬೂಟು ಕೂರುವುದಿಲ್ಲ. ಭ್ರಾಂತನಿಗೆ ಆಗ ಜ್ಞಾನೋದಯವಾಗಬೇಕು ತಾನೆ? ಆಗುವುದಿಲ್ಲ. ಅಟ್ಟೆಗೆ ಹಿಮ ಮೆತ್ತಿಕೊಂಡರೂ ಬೂಟು ಕೂರುವುದಿಲ್ಲವೆಂದು ಅವನಿಗೆ ಪಾಠವಾಗಿದೆ. ಆದ್ದರಿಂದ ಕೋಲಿನ ತುದಿಯಿಂದ ಅಟ್ಟೆ ಕೆರೆಯುತ್ತಾನೆ, ಕುಟ್ಟುತ್ತಾನೆ, ಒದೆಯುತ್ತಾನೆ, ಪಕ್ಕದಲ್ಲಿದ್ದವರಿಗೆ ನಕ್ಕು ತೋರಿಸುತ್ತಾನೆ. ಇನ್ನು ಇಬ್ಬರ ಬೂಟೂ ಒಂದೇ ಅಳತೆಯದಾಗಿದ್ದರಂತೂ ಟಕ್ಕೆಂದು ಕೂತು ಕಥೆ ಮುಗಿಯಿತು. ಇಲ್ಲಿ ನಗು ನಿಲ್ಲಿಸಿ ಒಂದು ಮಾತು ಹೇಳಬೇಕು: ಬಿದ್ದಾಗ ಬೂಟು ಕಳಚಿಕೊಳ್ಳುವ ಬಿಗಿಯನ್ನು ಅಂಗಡಿಯವರು ತೊಡುವವರ ತೂಕ, ಎತ್ತರ, ವಯಸ್ಸು, ಜಾರುವ ರೀತಿ ಕೇಳಿ ಕೂರಿಸಿರುತ್ತಾರೆ. ತೊಂಬತ್ತು ಕಿಲೋದವನ ಸ್ಕೀಯನ್ನು ಐವತ್ತು ಕಿಲೋದವಳು ತೊಟ್ಟು ಬಿದ್ದರೆ ಅದು ಕಳಚದೆ ಹೋಗಬಹುದು, ಮೊಣಕಾಲಿಗೆ ಪೆಟ್ಟಾಗಬಹುದು. ಹಾಗಾಗಿ ಸ್ಕೀಗೊಂದು ಬಣ್ಣದ ಪಟ್ಟಿ ಸುತ್ತುವುದು, ಅಂಗಡಿ ಕೊಟ್ಟ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳುವುದು ಕೇವಲ ಠೇವಣಿಯ ವಿಷಯವಲ್ಲ.

ಎರಡನೆಯ ಸೂತ್ರ: ವಿಯೋಗವೇ ರಕ್ಷೆ.

ಈ ಶಾಸ್ತ್ರದ ಹೃದಯ ಇದು. ಒಂಟಿ ಸ್ಕೀಗೆ ಲೋಕದಲ್ಲಿ ಬೆಲೆಯಿಲ್ಲ. ಕಳ್ಳನಿಗೂ ಬೇಡ, ಭ್ರಾಂತನಿಗೂ ಬೇಡ. ಆದುದರಿಂದ ಒಂದನ್ನು ಈ ತುದಿಯ ಸ್ಟ್ಯಾಂಡಿನಲ್ಲಿ, ಇನ್ನೊಂದನ್ನು ಆ ತುದಿಯ ಸ್ಟ್ಯಾಂಡಿನಲ್ಲಿ ಇಡತಕ್ಕದ್ದು. ವಾಲ್ ದಿಜೇರ್ ಇರಲಿ, ವರ್ಬಿಯೇ ಇರಲಿ, ಸೇಂಟ್ ಆಂಟನ್ ಇರಲಿ, ಆಲ್ಪ್ಸ್‌ನ ಯಾವ ಸ್ಕೀ ಊರಿನಲ್ಲೂ ಅನುಭವಸ್ಥರು ಕಿವಿಯಲ್ಲಿ ಉಪದೇಶಿಸುವ ಮಂತ್ರ ಇದೇ. ಕನ್ನಡಿಗನಿಗೆ ಇದನ್ನು ಉಪದೇಶಿಸುವ ಅಗತ್ಯವಿಲ್ಲ. ಮದುವೆ ಛತ್ರದ ಬಾಗಿಲಲ್ಲಿ ಎಡಗಾಲಿನ ಚಪ್ಪಲಿಯನ್ನು ತೆಂಗಿನ ಬುಡದಲ್ಲಿ, ಬಲಗಾಲಿನದನ್ನು ಜನರೇಟರಿನ ಹಿಂದೆ ಬಿಟ್ಟು ನೆಮ್ಮದಿಯಿಂದ ಹೋಳಿಗೆ ಉಂಡು ಬೆಳೆದವನು ಅವನು. ಇಬ್ಬರು ಹೋಗಿದ್ದರೆ ಇದರ ಉತ್ತಮ ಪ್ರಕಾರವೊಂದಿದೆ. "ನಿಂದೊಂದು ನಂದೊಂದು ಇಲ್ಲಿಡೋಣ ಮಾರಾಯ, ಉಳಿದೆರಡು ಅಲ್ಲಿರಲಿ" ಎಂದು ಬೆರಕೆ ಜೋಡಿಗಳನ್ನು ಕಟ್ಟುವುದು. ನೋಡಿದವರಿಗೆ ಜೋಡಿಯಂತೆಯೇ ಕಾಣುತ್ತದೆ, ಎತ್ತಿಕೊಂಡವನಿಗೆ ಒಂದು ಉದ್ದ ಒಂದು ಗಿಡ್ಡ.

ಈ ವಿಧಾನದಲ್ಲಿ ದೋಷವಿಲ್ಲವೆ? ಇದೆ, ಅದು ಒಡೆಯನಲ್ಲೇ ಇದೆ. ದಾಲ್ಚಿನ್ನಿ ಲವಂಗ ಹಾಕಿ ಕುದಿಸಿದ ಬಿಸಿ ವೈನು ಎರಡು ಲೋಟ ಒಳಗಿಳಿದ ಮೇಲೆ ಮೊದಲನೆಯ ಸ್ಕೀ ಎಲ್ಲಿದೆಯೆಂದು ನೆನಪಿರುತ್ತದೆ; ಎರಡನೆಯದನ್ನು ತಾನೇ ಬಚ್ಚಿಟ್ಟದ್ದೆಂಬುದು ಸಹ ಮರೆತುಹೋಗಿರುತ್ತದೆ. ಆಗ ಆತ ಮೊದಲು ಹೋಟೆಲಿನವರನ್ನು, ಆಮೇಲೆ ಫ್ರೆಂಚರನ್ನು, ಕೊನೆಗೆ ಯುರೋಪಿನ ನಾಗರಿಕತೆಯನ್ನೇ ಅನುಮಾನಿಸತೊಡಗುತ್ತಾನೆ. ಬೆರಕೆ ಜೋಡಿಯ ಪ್ರಕಾರದಲ್ಲಿ ಇನ್ನೂ ಸೂಕ್ಷ್ಮವಾದ ದೋಷ: ಗೆಳೆಯ ತಲೆನೋವೆಂದು ಬೇಗ ಹೊರಟು, ಅವಸರದಲ್ಲಿ ಕೈಗೆ ಸಿಕ್ಕ ಜೋಡಿಯನ್ನು ಹೆಗಲಿಗೇರಿಸಿಕೊಂಡು ಕೇಬಲ್ ಕಾರಿನಲ್ಲಿ ಕೆಳಗಿಳಿದುಬಿಟ್ಟರೆ, ಮೇಲೆ ಉಳಿದವನ ಪಾಲಿಗೆ ಕಳ್ಳ ಬೇಕಾಗಿಲ್ಲ.

ವಿಯೋಗ ವಿಧಾನ ಎಷ್ಟು ಪುರಾತನ ಎಂಬುದಕ್ಕೆ ಪುರಾತತ್ತ್ವದ ಆಧಾರವೂ ಇದೆ. ನಾರ್ವೆಯ ಡಿಗರ್‌ವಾರ್ಡೆನ್ ಬೆಟ್ಟದ ಹಿಮಗಡ್ಡೆ ಕರಗುತ್ತಿದ್ದಾಗ 2014ರಲ್ಲಿ ಸಂಶೋಧಕರಿಗೆ ಮರದ ಸ್ಕೀ ಒಂದು ಸಿಕ್ಕಿತು. ಸುಮಾರು 1,300 ವರ್ಷ ಹಳೆಯದು, ಕಾಲು ಕಟ್ಟುವ ಭಾಗವೂ ಉಳಿದಿತ್ತು. ಒಂದೇ ಒಂದು. ಅದರ ಜೊತೆಯದು 2021ರಲ್ಲಿ ಹಿಮ ಇನ್ನಷ್ಟು ಹಿಂದೆ ಸರಿದಾಗ ಹೊರಬಂತು. ಎಲ್ಲಿ? ಮೊದಲನೆಯದು ಬಿದ್ದಿದ್ದ ಜಾಗದಿಂದ ಬರೀ ಐದು ಮೀಟರ್ ಆಚೆ. ವಿದ್ವಾಂಸರು ಇದನ್ನು ಅಪಘಾತವಿರಬಹುದು, ಹಿಮಕುಸಿತವಿರಬಹುದು ಎನ್ನಬಹುದು. ನಮ್ಮ ಸಿದ್ಧಾಂತ ಬೇರೆ: ಆ ಪುಣ್ಯಾತ್ಮ ಎರಡನೆಯ ಸೂತ್ರವನ್ನು ಅಕ್ಷರಶಃ ಪಾಲಿಸಿದ್ದಾನೆ. ಹದಿಮೂರು ಶತಮಾನ ಯಾವ ಕಳ್ಳನಿಗೂ ಜೋಡಿ ಸಿಗಲಿಲ್ಲ. ಅವನಿಗೂ ಸಿಗಲಿಲ್ಲ ಎಂಬುದು ವಿಧಾನದ ಯಶಸ್ಸನ್ನೇ ತೋರಿಸುತ್ತದೆ.

ಬೀಗದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಅಂಗೈಯಲ್ಲಿ ಅಡಗುವ ತೆಳ್ಳನೆಯ ಕೇಬಲ್ ಬೀಗಗಳು ಸಿಗುತ್ತವೆ, ಸಂಖ್ಯೆ ತಿರುಗಿಸುವಂಥವು. ಕೇಬಲನ್ನು ಬೈಂಡಿಂಗಿನ ನಡುವೆಯೇ ಹಾಯಿಸಬೇಕು. ಸ್ಕೀಯ ನುಣುಪು ಮೈಗೆ ಸುತ್ತಿದರೆ ಬೀಗ ಅಲ್ಲೇ ಇರುತ್ತದೆ, ಸ್ಕೀ ಜಾರಿ ಹೊರಗೆ ಬರುತ್ತದೆ. ಕತ್ತರಿಯಿದ್ದ ಕಳ್ಳನಿಗೆ ಕೇಬಲ್ ತುಂಡರಿಸುವುದು ಒಂದು ಕ್ಷಣದ ಕೆಲಸ. ಬೀಗವಿರುವುದು ಭ್ರಾಂತನಿಗಾಗಿ, ಮತ್ತು ಮೈನಸ್ ಹತ್ತು ಡಿಗ್ರಿಯಲ್ಲಿ ಕೈಗವಸು ಬಿಚ್ಚಿ ಆ ಪುಟ್ಟ ಚಕ್ರಗಳನ್ನು ತಿರುಗಿಸಬೇಕಾದ ಒಡೆಯನ ತಪಸ್ಸಿಗಾಗಿ.

ಮೂರನೆಯ ಸೂತ್ರ: ಇಳಿಜಾರಿಗಿಂತ ದೊಡ್ಡ ಚೋರನಿಲ್ಲ.

ಇದಕ್ಕೆ ದೃಷ್ಟಾಂತ ಸರ್ ಆರ್ಥರ್ ಕಾನನ್ ಡಾಯ್ಲ್. 1894ರ ಮಾರ್ಚ್‌ನಲ್ಲಿ ಅವರು ಸ್ವಿಟ್ಜರ್ಲೆಂಡಿನ ದಾವೋಸ್‌ನಿಂದ ಅಲ್ಲಿಯವರೇ ಆದ ಬ್ರಾಂಗರ್ ಸಹೋದರರ ಜೊತೆ ಕಣಿವೆ ದಾಟಿ ಅರೋಸಾಕ್ಕೆ ಸ್ಕೀಗಳ ಮೇಲೆ ಹೋದರು; ಆ ಕಥೆಯನ್ನು ಅದೇ ವರ್ಷದ ಡಿಸೆಂಬರಿನಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆಗೆ ಬರೆದರು. ಕೊನೆಯ ಕಡಿದಾದ ಇಳಿಜಾರಿನಲ್ಲಿ ಸ್ಕೀಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಕೂತು ಜಾರುವುದೆಂದು ತೀರ್ಮಾನವಾಯಿತು. ಡಾಯ್ಲ್‌ರ ಸ್ಕೀಗಳು ಅವರ ಅಡಿಯಿಂದ ನುಸುಳಿ, ಯಜಮಾನನನ್ನು ಹಿಮದಲ್ಲಿ ಕೂರಿಸಿ, ಬಾಣದಂತೆ ಹೊರಟುಹೋದವು. ಅವರು ಟ್ವೀಡ್ ಚಡ್ಡಿಯ ಆಸನಭಾಗದ ಮೇಲೆ ಜಾರುತ್ತ ಕೆಳಗೆ ಬಂದರು. ಆ ಬಟ್ಟೆ ಸವೆಯುವುದೇ ಇಲ್ಲವೆಂದು ದರ್ಜಿ ಕೊಟ್ಟ ಭರವಸೆ ಅಂದು ಸುಳ್ಳಾಯಿತು. ಇಲ್ಲಿ ಮೀಮಾಂಸಕರು ಗಮನಿಸಬೇಕಾದ ಅಂಶವೊಂದಿದೆ. ಷರ್ಲಾಕ್ ಹೋಮ್ಸ್‌ನನ್ನು ಡಾಯ್ಲ್ ಇದೇ ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತಕ್ಕೆ ದೂಡಿದ ಕಥೆ ಅಚ್ಚಾದದ್ದು 1893ರ ಡಿಸೆಂಬರಿನಲ್ಲಿ. ಮೂರು ತಿಂಗಳು ತಡೆದಿದ್ದರೆ ಸ್ಕೀ ಹುಡುಕಲು ಒಬ್ಬ ಪತ್ತೇದಾರನಾದರೂ ಇರುತ್ತಿದ್ದ.

ಡಾಯ್ಲ್‌ರ ಕಾಲದಲ್ಲಿ ಬ್ರೇಕು ಇರಲಿಲ್ಲ. ಆಮೇಲೆ ಬಹುಕಾಲ ಸ್ಕೀಯನ್ನು ಬೂಟಿಗೆ ಪಟ್ಟಿಯಿಂದ ಕಟ್ಟುವ ಪದ್ಧತಿಯಿತ್ತು. ಸ್ಕೀ ಕಳೆಯುತ್ತಿರಲಿಲ್ಲ, ಬಿದ್ದವನ ಸುತ್ತ ಬೀಸಿ ಬೀಸಿ ಹೊಡೆಯುತ್ತಿತ್ತು. 1970ರ ದಶಕದಿಂದ ಸ್ಪ್ರಿಂಗಿನ ಬ್ರೇಕುಗಳು ಬಳಕೆಗೆ ಬಂದವು. ಬೂಟು ಕೂತಾಗ ಎರಡು ಕೈಗಳನ್ನು ಮೇಲಕ್ಕೆ ಮಡಚಿಕೊಂಡಿರುತ್ತವೆ, ಬೂಟು ಕಳಚಿತೆಂದರೆ ಹಿಮದೊಳಕ್ಕೆ ಊರುತ್ತವೆ. ಒಂದು ಸ್ಕೀಯ ಅಡಿಗೆ ಇನ್ನೊಂದರ ಅಡಿ ಹೊಂದಿಸಿದರೆ ಅವೇ ಬ್ರೇಕುಗಳು ಒಂದನ್ನೊಂದು ಹಿಡಿದುಕೊಂಡು ಹೆಗಲಿಗೆ ಅನುಕೂಲವಾಗುತ್ತದೆ. ಆದರೆ ಹಾಗೆ ಜೋಡಿಸಿದ ಜೋಡಿಯನ್ನು ಇಳಿಜಾರಿನಲ್ಲಿ ಮಲಗಿಸಿ ಫೋಟೋ ತೆಗೆಯಲು ಹೋದವರಿಗೆ ಮೂರನೆಯ ಸೂತ್ರ ಕೂಡಲೇ ಅರ್ಥವಾಗುತ್ತದೆ, ಏಕೆಂದರೆ ಹಿಡಿದುಕೊಂಡ ಬ್ರೇಕು ಹಿಮವನ್ನು ಹಿಡಿಯುವುದಿಲ್ಲ. ಬಾಲದ ತುದಿಯನ್ನು ಹಿಮದಲ್ಲಿ ಆಳವಾಗಿ ನೆಟ್ಟು ನಿಲ್ಲಿಸುವುದೇ ಸರಿ. ಇನ್ನು ಹಿಟ್ಟಿನಂಥ ಆಳ ಹಿಮದಲ್ಲಿ ಬಿದ್ದು ಸ್ಕೀ ಹೂತುಹೋದರೆ ಜನ ಕೆಳಗೆ ಹುಡುಕುತ್ತಾರೆ. ಮೇಲೆ ಹುಡುಕಬೇಕು. ಸ್ಕೀ ಕಳಚಿದಲ್ಲೇ ನಿಲ್ಲುತ್ತದೆ, ಉರುಳುತ್ತ ಬಂದದ್ದು ನೀವು. ಬಲ್ಲವರು ಅದಕ್ಕೆಂದೇ ಉದ್ದನೆಯ ಬಣ್ಣದ ರಿಬ್ಬನ್ನೊಂದನ್ನು ಬೈಂಡಿಂಗಿಗೆ ಕಟ್ಟಿ ಪ್ಯಾಂಟಿನ ಅಂಚಿನೊಳಗೆ ಸುತ್ತಿಟ್ಟಿರುತ್ತಾರೆ.

ಬೂಟುಗಳಿಗೆ ರಕ್ಷಣೆ ಬೇಕಿಲ್ಲವೆಂಬುದು ಹಲವರ ಮತ. ಸಂಜೆ ಹೋಟೆಲಿನ ನೆಲಮಾಳಿಗೆಯ ಸ್ಕೀ ಕೋಣೆಯಲ್ಲಿ, ಬಿಸಿಗಾಳಿಯ ಗೂಟಗಳಿಗೆ ನೇತುಬಿದ್ದ ಅರವತ್ತು ಬೂಟುಗಳ ನಡುವೆ ಒಂದು ಗಳಿಗೆ ನಿಂತವರು ಈ ಮತವನ್ನು ಉಸಿರು ಬಿಡದೆ ಒಪ್ಪುತ್ತಾರೆ. ಆದರೂ ಕಾರಿನಲ್ಲಿ ಬಿಡಬೇಡಿ. ರಾತ್ರಿಯ ಚಳಿಗೆ ಪ್ಲಾಸ್ಟಿಕ್ಕು ಬಿರುಸಾಗಿ, ಬೆಳಗ್ಗೆ ಕಾಲು ಒಳಹೋಗುವುದಿಲ್ಲ. ಸ್ಕೀಯ ಉಕ್ಕಿನ ಅಂಚನ್ನು ಒರೆಸಿಡಿ, ಇಲ್ಲದಿದ್ದರೆ ತುಕ್ಕು.

ಫ್ರಾನ್ಸಿನ ಬಾಡಿಗೆ ಅಂಗಡಿಗಳಲ್ಲಿ ಮುರಿತಕ್ಕೂ ಕಳವಿಗೂ ಸೇರಿಸಿ ದಿನಕ್ಕಿಷ್ಟು ಎಂದು ವಿಮೆ ಮಾರುತ್ತಾರೆ. ತೆಗೆದುಕೊಂಡರೆ ನೆಮ್ಮದಿ. ಪ್ರವಾಸ ವಿಮೆಯ ಮೇಲೆ ಭಾರ ಹಾಕುವವರು ಮಾತ್ರ 'ಕಣ್ಗಾವಲಿಲ್ಲದೆ ಬಿಟ್ಟ ವಸ್ತು' ಎಂಬ ಷರತ್ತನ್ನು ಓದಿಕೊಳ್ಳಬೇಕು. ಕಣ್ಗಾವಲು ಎಂದರೇನು? ಕಿಟಕಿಯ ಪಕ್ಕ ಕೂತು ಸೂಪು ಕುಡಿಯುತ್ತ ಆಗಾಗ ನೋಡಿದರೆ ಸಾಕೆ, ಅಥವಾ ಚಮಚ ಬಾಯಿಗೆ ಹೋಗುವಾಗಲೂ ದೃಷ್ಟಿ ಸ್ಕೀಯ ಮೇಲೇ ಇರಬೇಕೆ? ಆವಿಯಿಂದ ಕಿಟಕಿ ಮಸುಕಾದರೆ ಅದು ದೇವರ ಕೃತ್ಯವೆ? ಈ ಪ್ರಶ್ನೆಗಳನ್ನು ಎತ್ತುವ ಮೊದಲು ಪೊಲೀಸು ದೂರಿನ ಪ್ರತಿ ತನ್ನಿ ಎನ್ನುತ್ತಾರೆ ವಿಮೆಯವರು. ಅಲ್ಲಿ ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆಗೆ 'ಕೆಂಪು ಬಣ್ಣದ್ದು' ಎಂಬ ಉತ್ತರ ಸಾಲದು.

ಉಳಿದದ್ದು ಕೋಲುಗಳು. ಇವನ್ನು ಯಾರೂ ಕದಿಯುವುದಿಲ್ಲ, ಯಾರೂ ಕಾಯುವುದೂ ಇಲ್ಲ; ಒಂದು ಕೈಯಿಂದ ಇನ್ನೊಂದು ಕೈಗೆ ಸಂಚರಿಸುತ್ತಿರುತ್ತವೆ. ಬಾಡಿಗೆ ಕೋಲುಗಳ ಉದ್ದದಲ್ಲಿ ಐದೈದು ಸೆಂಟಿಮೀಟರಿನ ಅಂತರ. ಬೆಳಗ್ಗೆ 120ರ ಎರಡು ಕೋಲು ಹಿಡಿದು ಹೊರಟವನು ಸಂಜೆ 115ರ ಒಂದು, 125ರ ಒಂದು ಹಿಡಿದು ಮರಳಿದರೆ ಒಟ್ಟು ಉದ್ದದಲ್ಲಿ ಕೂದಲೆಳೆಯಷ್ಟೂ ನಷ್ಟವಿಲ್ಲವೆಂದು ಗಣಿತದಿಂದಲೇ ಸಿದ್ಧ. ಅಂಗಡಿಯವನು ಒಪ್ಪದಿದ್ದರೆ, ಬೆಟ್ಟದ ಓರೆಯಲ್ಲಿ ಅಡ್ಡಲಾಗಿ ನಡೆಯುವವರಿಗೆ ಇಂಥ ಜೋಡಿಯೇ ಅನುಕೂಲವೆಂದು ವಾದಿಸಬಹುದು. ಹೋಗುವಾಗ ಮಾತ್ರ, ಬರುವಾಗ ಕೈ ಬದಲಿಸಿಕೊಳ್ಳಬೇಕು.