ದಂತಮೇಣ ಮೀಮಾಂಸೆ

ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವರ ಬಾಯೊಳಗೆ ತಂತಿಗೂ ಕೆನ್ನೆಗೂ ಹಗಲಿರುಳು ನಡೆಯುವ ವ್ಯಾಜ್ಯದಲ್ಲಿ ಪಂಚಾಯಿತಿ ಮಾಡುವ ವಸ್ತುವೇ ದಂತಮೇಣ. ಇದರ ವ್ಯುತ್ಪತ್ತಿ, ಲಕ್ಷಣ, ಪ್ರಯೋಗವಿಧಿ ಮತ್ತು ಮಡಿಮೈಲಿಗೆಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೆ ನಿರ್ಣಯಿಸುವುದು ಈ ಪ್ರಬಂಧದ ಉದ್ದೇಶ. ಸಂಶೋಧಕನ ಅರ್ಹತೆ ಏನೆಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕ್ಲಿಪ್ಪು ಹಾಕಿಸಿಕೊಂಡಿರುವುದು ಮಾಲೂರಿನಲ್ಲಿರುವ ನನ್ನ ಅಕ್ಕನ ಮಗಳು, ಹತ್ತನೇ ತರಗತಿ. ತಂತಿ ಬಿಗಿ ಮಾಡಿಸಲು ತಿಂಗಳಿಗೊಮ್ಮೆ ಅವಳನ್ನು ಕೋಲಾರಕ್ಕೆ ಕರೆದೊಯ್ಯುವ ಹೊಣೆ, ಮನೆಯಲ್ಲಿ ಬೇರೆ ಕೆಲಸವಿಲ್ಲದವನು ನಾನೊಬ್ಬನೇ ಆದ್ದರಿಂದ, ನನಗೆ ಬಂದಿದೆ. ಪ್ರಯೋಗಶಾಲೆ ಅವಳ ಬಾಯಿ. ಕ್ಷೇತ್ರಕಾರ್ಯ ಸರ್ಕಾರಿ ಬಸ್ಸಿನ ಕೊನೆಯ ಸೀಟು.

ವ್ಯುತ್ಪತ್ತಿಯಿಂದ ಆರಂಭಿಸೋಣ. ಹಳಗನ್ನಡದಲ್ಲಿ ಹಲ್ಲು 'ಪಲ್'. ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು 'ಪಲ್ಮಡಿ' ಎಂದಿರುವುದನ್ನು ಬಲ್ಲವರು ಬಲ್ಲರು. ಪಲ್ ಎಂದರೆ ಹಲ್ಲು, ಮಡಿ ಎಂದರೆ ಮಡಿಯುವುದು; ಅಲ್ಲಿಗೆ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಹಲ್ಲುನೋವಿನ ದಾಖಲೆ ಎಂದು ಸಿದ್ಧವಾಯಿತು. ಅದು ದಾನಶಾಸನ, ಊರು ಬೇಲೂರು ತಾಲ್ಲೂಕಿನದು, ನಿನ್ನ ನಾಲ್ಕು ತಾಲ್ಲೂಕಿಗೂ ಅದಕ್ಕೂ ಏನು ಸಂಬಂಧ ಎಂದು ಭಾವ ಆಕ್ಷೇಪಿಸಿದರು. ದಂತವೈದ್ಯರಿಗೆ ಕೊಡುವುದೂ ಒಂದು ಬಗೆಯ ದಾನವೇ ಎಂದೆ. ಕಂತು ಕಟ್ಟುತ್ತಿರುವವರು ಅವರೇ ಆದ್ದರಿಂದ ಮರುಮಾತಾಡಲಿಲ್ಲ.

ಇನ್ನು ಮೇಣ. ತೆಲುಗಿನಲ್ಲಿ ಮೈನಂ, ಸಂಸ್ಕೃತದಲ್ಲಿ ಮಧೂಚ್ಛಿಷ್ಟ, ಅಂದರೆ ಜೇನಿನ ಎಂಜಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೇಣದಿಂದ ವಿಗ್ರಹ ಎರಕ ಹುಯ್ಯುವ ಕ್ರಮ ಬರುತ್ತದೆ: ಮೇಣದಲ್ಲಿ ಮೂರ್ತಿ ಮಾಡು, ಮೇಲೆ ಮಣ್ಣು ಮೆತ್ತು, ಕಾಯಿಸಿ ಮೇಣವನ್ನು ಹರಿಯಬಿಡು, ಉಳಿದ ಟೊಳ್ಳಿಗೆ ಕರಗಿದ ಲೋಹ ಹುಯ್ಯಿ. ಅಲ್ಲಿ ಲೋಹ ಬರಲೆಂದು ಮೇಣ ಜಾಗ ಬಿಡುತ್ತದೆ. ಇಲ್ಲಿ ಲೋಹ ಬಂದು ಕೂತಿದ್ದರಿಂದ ಮೇಣಕ್ಕೆ ಕರೆ ಹೋಗುತ್ತದೆ. ದೊರೆಗೆ ಉಬ್ಬು ಹಲ್ಲಿನ ಮಗಳೊಬ್ಬಳಿದ್ದಿದ್ದರೆ ಗ್ರಂಥದಲ್ಲಿ ಇನ್ನೊಂದು ಅಧ್ಯಾಯ ಸಿಗುತ್ತಿತ್ತೆಂದು ನನ್ನ ಊಹೆ.

ಈ 'ಉಚ್ಛಿಷ್ಟ' ಎಂಬ ಮಾತು ಮನೆಯಲ್ಲಿ ದೊಡ್ಡ ರಾದ್ಧಾಂತಕ್ಕೆ ದಾರಿ ಮಾಡಿತು. ಊಟಕ್ಕೆ ಮುಂಚೆ ಹುಡುಗಿ ಬಾಯಿಂದ ಮೇಣದ ಉಂಡೆ ತೆಗೆದು ತಟ್ಟೆಯ ಅಂಚಿಗೆ ಅಂಟಿಸಿದ್ದನ್ನು ಅಜ್ಜಿ ನೋಡಿಬಿಟ್ಟಳು. ಅಜ್ಜಿ ಶ್ರೀನಿವಾಸಪುರದ ಕಡೆಯವಳು. "ಇದೇಮಿಟೇ, ನೋಟ್ಲೋ ಮೈನಂ ಪೆಟ್ಟುಕುಂಟಾರಾ?" ಎಂದಳು; ಬಾಯಲ್ಲಿ ಮೇಣ ಇಟ್ಟುಕೊಳ್ಳುತ್ತಾರಾ ಎಂದು. ಪ್ರಶ್ನೆ ತೆಲುಗಿನಲ್ಲಿ ಹುಟ್ಟಿ ಉತ್ತರ ಕನ್ನಡದಲ್ಲಿ ಬರುವುದು ನಮ್ಮ ಕಡೆ ವಾಡಿಕೆ; ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೇನಿನ ಎಂಜಲು ಮನುಷ್ಯರ ಬಾಯಿಗೆ ಹೋಗಿ ಮತ್ತೆ ಎಂಜಲಾದರೆ ಅದು ಇಮ್ಮಡಿ ಎಂಜಲೋ, ಅಥವಾ ಎರಡು ಋಣ ಗುಣಿಸಿದರೆ ಧನವಾಗುವಂತೆ ಮಡಿಯೇ ಆಗುತ್ತದೋ ಎಂಬುದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಅಂಗಡಿಯ ಆ ಪುಟ್ಟ ಡಬ್ಬಿಯಲ್ಲಿರುವುದನ್ನು ಬಹುಮಟ್ಟಿಗೆ ಯಾವ ಜೇನುಹುಳವೂ ಕಂಡಿಲ್ಲ. ಕೆಲವು ತಯಾರಿಕೆಗಳಲ್ಲಿ ಜೇನುಮೇಣವನ್ನೋ ಬ್ರೆಜಿಲ್ಲಿನ ಒಂದು ತಾಳೆಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನೋ ಬೆರೆಸುವುದುಂಟಾದರೂ, ಸಾಮಾನ್ಯವಾಗಿ ಮೂಲದ್ರವ್ಯ ಪ್ಯಾರಾಫಿನ್. ಅದನ್ನು 1830ರಲ್ಲಿ ಮೊದಲು ಬೇರ್ಪಡಿಸಿದವನು ಜರ್ಮನಿಯ ಕಾರ್ಲ್ ಫಾನ್ ರೈಖೆನ್‌ಬಾಖ್. ಈಗ ಬರುವುದು ಕಚ್ಚಾ ಎಣ್ಣೆಯಿಂದ. ಕುಲದಲ್ಲಿ ಪೆಟ್ರೋಲಿನ ದಾಯಾದಿ. ಇದನ್ನು ವಿವರಿಸಿದಾಗ ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಬೀಡಿ ಸೇದೋರ ಪಕ್ಕ ಕೂತ್ಕೋಬೇಡ ಕಣೇ" ಎಂದಳು.

ಮೇಣ ಏಕೆ ಬೇಕು ಎಂಬುದಕ್ಕೆ ತಂತಿಯ ಚರಿತ್ರೆ ತಿಳಿದಿರಬೇಕು. 1899ರಲ್ಲಿ ಅಮೆರಿಕದ ಎಡ್ವರ್ಡ್ ಆ್ಯಂಗಲ್ ಎಂಬ ದಂತವೈದ್ಯ ಲೋಕದ ಸೊಟ್ಟ ಹಲ್ಲುಗಳನ್ನೆಲ್ಲ ಮೂರು ವರ್ಗವಾಗಿ ವಿಂಗಡಿಸಿದ. ಆ್ಯಂಗಲ್ ಎಂದರೆ ಕೋನ. ಹೆಸರಿಗೆ ಇಷ್ಟು ಒಪ್ಪುವ ಕಸುಬು ಸಿಕ್ಕವರು ಅಪರೂಪ. ಆ ವರ್ಗಗಳನ್ನು ಇಂದಿಗೂ 'ಕ್ಲಾಸ್' ಎಂದೇ ಕರೆಯುತ್ತಾರಾಗಿ, ಮೇಲುದವಡೆ ಮುಂದೆ ಬಂದ ನಮ್ಮ ಹುಡುಗಿಯದು ಕ್ಲಾಸ್ ಟೂ ಎಂದು ಡಾಕ್ಟರು ಹೇಳಿದಾಗ, "ಇಲ್ಲ ಸಾರ್, ಎಲ್ಲದರಲ್ಲೂ ಫಸ್ಟ್ ಕ್ಲಾಸೇ" ಎಂದು ಅಕ್ಕ ಮಾರ್ಕ್ಸ್ ಕಾರ್ಡಿಗೆ ಬ್ಯಾಗು ತಡಕಿದಳು.

ಆ್ಯಂಗಲ್ಲನ ಕಾಲಕ್ಕೆ ಹಲ್ಲು ಎಳೆಯುವ ಒಳ್ಳೆಯ ತಂತಿ ಎಂದರೆ ಚಿನ್ನದ ಮಿಶ್ರಲೋಹದ್ದು. ಸ್ಟೇನ್‌ಲೆಸ್ ಸ್ಟೀಲು ಅದನ್ನು ಪಕ್ಕಕ್ಕೆ ಸರಿಸಿದ್ದು 1930ರ ದಶಕದಿಂದೀಚೆಗೆ. ಇತ್ತ ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಿಂದ ಚಿನ್ನದ ಗಣಿ ತೋಡುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಈ ಇಸವಿಗಳನ್ನೆಲ್ಲ ಅಕ್ಕಪಕ್ಕ ಇಟ್ಟರೆ ಪ್ರಮೇಯ ತಾನಾಗಿಯೇ ಮೂಡುತ್ತದೆ. ಅಮೆರಿಕದ ಮಕ್ಕಳ ಬಾಯಲ್ಲಿ ಕೋಲಾರದ ಚಿನ್ನ ಒಂದು ಗುಲಗಂಜಿಯಷ್ಟೂ ಇರಲಿಲ್ಲ ಎಂದು ಯಾರಾದರೂ ಸಾಬೀತು ಮಾಡುವವರೆಗೂ ನಾನು ಇದನ್ನು ಬಿಟ್ಟುಕೊಡುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಉಕ್ಕಿನ ತಂತಿಯೂ ಹೊರಗಿಂದ ಬರುತ್ತದೆ, ಅದು ಚುಚ್ಚದಿರಲೆಂದು ಮೇಣವೂ ಹೊರಗಿಂದ ಬರುತ್ತದೆ. ಕಟ್ಟಿದ ದುಡ್ಡಿಗೆ ಚಿನ್ನದ್ದೇ ಹಾಕಿಸಬಹುದಿತ್ತು ಎಂಬುದು ಭಾವನ ಅಭಿಪ್ರಾಯ. ಅದನ್ನು ಅಡಿಟಿಪ್ಪಣಿಯಾಗಿ ಓದಿಕೊಳ್ಳುವುದು.

ಪ್ರಯೋಗಕಾಂಡಕ್ಕೆ ಬರೋಣ. ತಂತಿ ಬಿಗಿ ಮಾಡಿಸಿದ ದಿನ ಕೋಲಾರದಿಂದ ಹೊರಟ ಬಸ್ಸು ನರಸಾಪುರ ದಾಟುವ ಹೊತ್ತಿಗೆ ಹುಡುಗಿ ಬಲಗೆನ್ನೆ ಹಿಡಿದುಕೊಂಡಳು. ಹಲ್ಲುಗಳು ಹಿಂದಕ್ಕೆ ಸರಿದು ಸಂದು ಮುಚ್ಚಿದಂತೆಲ್ಲ ತಂತಿಯ ತುದಿ ಕೊನೆಯ ದವಡೆ ಹಲ್ಲಿನಾಚೆ ಸೂಜಿಯಂತೆ ಇಣುಕುತ್ತದೆ. ಡಬ್ಬಿ ತೆರೆದಳು: ಸಾಲಾಗಿ ಐದು ಬಿಳಿ ಕಡ್ಡಿ, ಅಗರಬತ್ತಿಯ ತುಂಡಿನಷ್ಟು ಉದ್ದ. ಬಾಟಲಿ ನೀರಲ್ಲಿ ಬೆರಳು ತೊಳೆದಳು, ದುಪಟ್ಟಾಕ್ಕೆ ಒರೆಸಿದಳು. ಚೂರು ಮುರಿದು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು. ಮೈಶಾಖಕ್ಕೆ ಮೆತ್ತಗಾಗಿ ಉಂಡೆಯಾಯಿತು. ಎಡಗೈಯಲ್ಲಿ ಕೆನ್ನೆ ಎಳೆದು ಹಿಡಿದು, ಬಾಯಿ ಓರೆ ಮಾಡಿ, ಉಂಡೆಯನ್ನು ಒತ್ತಿದಳು. ಅಂಟಲಿಲ್ಲ. ಇನ್ನೊಮ್ಮೆ. ನಾಲಿಗೆ ಮೇಲೆ ಉರುಳಿತು. ಸಂಶೋಧಕ ಕನ್ನಡಕ ಏರಿಸಿ ಇಣುಕಿದಾಗ ಮುಂದಿನ ಸೀಟಿನವರೂ ತಿರುಗಿ ಇಣುಕಿದರು.

ತಪ್ಪು ಎಲ್ಲಿ? ಮಾಲೂರು ಹೆಂಚು, ಇಟ್ಟಿಗೆಗಳ ಊರು. ಅಲ್ಲಿನವರಿಗೆ ಅಚ್ಚಿಗೆ ಮಣ್ಣು ಒತ್ತುವುದು ಗೊತ್ತು. ಜೇಡಿಗೆ ನೀರಿನ ಪಸೆ ಇದ್ದರೇ ಹದ. ಮೇಣದ ಶಾಸ್ತ್ರ ತದ್ವಿರುದ್ಧ. ಒದ್ದೆ ಲೋಹಕ್ಕೆ ಅದು ಜಪ್ಪಯ್ಯ ಅಂದರೂ ಹಿಡಿಯುವುದಿಲ್ಲ. ಟಿಶ್ಯೂ ಕಾಗದದ ತುದಿಯಿಂದ ಆ ಹಲ್ಲಿನ ಎಂಜಲನ್ನು ಒತ್ತಿ ಒಣಗಿಸಿ, ಉಸಿರು ಮೂಗಿನಲ್ಲಿ ಬಿಟ್ಟು, ತಕ್ಷಣ ಉಂಡೆ ಇಟ್ಟು ಚಪ್ಪಟೆಯಾಗಿ ಸವರಬೇಕು. ಹಾಗೆ ಮಾಡಿದಾಗ ಕೂತಿತು. "ಹಾಂ, ಈಗ ಚುಚ್ತಿಲ್ಲ ಮಾವ" ಎಂದಳು. ಮುಂದಿನ ಸೀಟಿನವರು ಸಮಾಧಾನದಿಂದ ಆ ಕಡೆ ತಿರುಗಿದರು. ತಂತಿ ಕತ್ತರಿಸಬೇಕಾದವರು ಡಾಕ್ಟರೇ, ಮೇಣ ಅಲ್ಲಿಯವರೆಗಿನ ತಡೆಯಾಜ್ಞೆ. ಅಷ್ಟರಲ್ಲಿ ಹುಣ್ಣಾಗಿದ್ದರೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದು.

ಪ್ರಮಾಣದ ವಿಚಾರದಲ್ಲಿ ಎರಡು ಪಂಥಗಳಿವೆ. ಡಬ್ಬಿಯ ಚೀಟಿ ಬಟಾಣಿ ಗಾತ್ರ ಎನ್ನುತ್ತದೆ. ಅಜ್ಜಿ ಅವರೆಕಾಳು ಎನ್ನುತ್ತಾಳೆ. ಸಿಪ್ಪೆ ಸಹಿತವೋ, ಹಿತಕಿದ್ದೋ ಎಂದು ಕೇಳಿದೆ. ಡಿಸೆಂಬರ್ ತಿಂಗಳ ಸೊಗಡವರೆ, ನೆನೆಹಾಕಿ ಹಿತಕಿದ್ದು ಎಂದು ಖಚಿತವಾಗಿ ಹೇಳಿದಳು. ಅಳೆದು ನೋಡಿದೆ, ಅಜ್ಜಿಯ ಮಾನ ಕೆನ್ನೆಗೆ ಚಪ್ಪಟೆಯಾಗಿ ಒಪ್ಪುತ್ತದೆ, ಬಟಾಣಿಯಷ್ಟು ಉಬ್ಬುವುದಿಲ್ಲ. ಅವರೆಪಂಥಕ್ಕೆ ಜಯವಾಗಲಿ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ದೇಹಕ್ಕೆ ಬಾಯಿ ಹೇಗೋ ಹಾಗೆ ರಾಜ್ಯಕ್ಕೆ ಆ ಊರು ಎಂಬ ಸಾದೃಶ್ಯವನ್ನು ಹತ್ತು ಪುಟ ಬೆಳೆಸಬಹುದಿತ್ತು, ಆದರೆ ಅಲ್ಲಿಗೆ ಹೋದ ನಮಗೆ ದೋಸೆಯ ವಾಸನೆ ಬಡಿಯಿತು. ಮುಳಬಾಗಿಲು ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಹತ್ತಿಯಂಥ ಮೆತ್ತಗೆ. ತಿನ್ನುವ ಮುಂಚೆ ಮೇಣ ತೆಗೆಯಬೇಕೆಂಬ ವಿಧಿಯನ್ನು ಬೋಧಿಸಬೇಕಾದ ಸಂಶೋಧಕ ಆಗ ತನ್ನ ದೋಸೆಯಲ್ಲಿ ಮಗ್ನನಾಗಿದ್ದ. "ಮಾವ, ವ್ಯಾಕ್ಸು ಪಲ್ಯದ ಜೊತೆ ಒಳಗೆ ಹೋಯ್ತು!" ಡಾಕ್ಟರಿಗೆ ಫೋನು ಮಾಡಿದೆ. ಏನೂ ಆಗುವುದಿಲ್ಲ, ಹೊಟ್ಟೆಗೆ ಜೀರ್ಣವಾಗದು, ಬಂದ ದಾರಿ ಬಿಟ್ಟು ಹೋಗುವ ದಾರಿಯಲ್ಲಿ ಹೋಗುತ್ತದೆ ಎಂದರು. ರಾಗಿಮುದ್ದೆಯ ಕತೆಯೇ ಬೇರೆ: ಅಗಿಯದೆ ನುಂಗುವುದೇ ಅದರ ಶಿಷ್ಟಾಚಾರವಾದ್ದರಿಂದ ತಂತಿಗೂ ಅದಕ್ಕೂ ಜಗಳವಿಲ್ಲ. ಕ್ಲಿಪ್ಪಿನವರಿಗೆಂದೇ ಯಾರೋ ಕಂಡುಹಿಡಿದಂತಿದೆ.

ತಮಾಷೆಯಿಂದ ಒಂದು ಗಳಿಗೆ ಹೊರಗೆ ಬಂದು ಹೇಳಬೇಕಾದ್ದುಂಟು. ಈ ಸೀಮೆಯ ಆಳದ ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟುತ್ತದೆ. ಹಳ್ಳಿ ಶಾಲೆಯ ಮಕ್ಕಳು ನಕ್ಕರೆ ಕಂದು ಕರೆ ಕಾಣುತ್ತದೆ. ಅಂಥ ಹಲ್ಲಿನ ಮೇಲೆ ಕ್ಲಿಪ್ಪಿನ ಗುಂಡಿ ಅಂಟಿಸುವುದೂ ಕಷ್ಟ, ಆಮ್ಲ ಸವರಿದರೆ ಮೇಲ್ಪದರ ಸುಲಭಕ್ಕೆ ಬಗ್ಗುವುದಿಲ್ಲ. ಆ ಕರೆಯನ್ನು ಮುಚ್ಚುವ ಮೇಣ ಯಾವ ಡಬ್ಬಿಯಲ್ಲೂ ಇಲ್ಲ.

ಕೊನೆಯದಾಗಿ ಶ್ರೀನಿವಾಸಪುರ, ಮಾವಿನ ರಾಜಧಾನಿ. ನಾರುಮಾವಿನ ಎಳೆ ತಂತಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ. ತೊಟ್ಟಿನ ಸೊನೆ ತಾಕಿದರೆ ಹುಣ್ಣಾದ ಬಾಯಿಗೆ ಬೆಂಕಿ. ಆದ್ದರಿಂದ ಹುಡುಗಿಗೆ ಬಾದಾಮಿ ಹಣ್ಣನ್ನು ಹೋಳು ಮಾಡಿ ಕೊಡಲಾಯಿತು, ವಾಟೆ ಚೀಪುವ ಹಕ್ಕು ಅಜ್ಜಿಗೆ ಸಂದಿತು. ಅಜ್ಜಿಗೂ ಹಲ್ಲು ಸೆಟ್ಟು. ಅದು ಎಡಗಡೆ ಒಸಡಿಗೆ ಒತ್ತುತ್ತದೆಂದು ಎರಡು ವರ್ಷದಿಂದ ದೂರು. ಅವತ್ತು ಅವಳು ಮೂರು ವಾಟೆಗಳನ್ನು ಒಂದು ದೂರೂ ಇಲ್ಲದೆ ಬಿಳುಪೇರುವವರೆಗೆ ಚೀಪಿದಳು. ರಾತ್ರಿ ಹುಡುಗಿ ಡಬ್ಬಿ ತೆರೆದಾಗ ನಾಲ್ಕೇ ಕಡ್ಡಿ ಇದ್ದವು. ಹೆಚ್ಚಿನ ಅಧ್ಯಯನಕ್ಕಾಗಿ ಬಾಯಿ ತೆರೆದು ತೋರಿಸೆಂದು ಅಜ್ಜಿಯನ್ನು ಮೂರು ಸಲ ಕೇಳಿಕೊಂಡೆ. ಸದ್ಯಕ್ಕೆ ಆ ಮೂಡಲ ಬಾಗಿಲು ಹಾಕಿದೆ.