ಮೊಣಕೈ ನಂದೇ

ಅಕ್ಕನ ಮಗಳ ಮದುವೆ ಗೊತ್ತಾದ ಕೂಡಲೇ ಮನೆಯಲ್ಲಿ ಕೆಲಸ ಹಂಚಿಕೊಂಡರು. ಅಡುಗೆಯವರನ್ನು ಒಪ್ಪಿಸುವುದು ಭಾವನ ಪಾಲಿಗೆ, ಜವಳಿ ಅಕ್ಕನ ಪಾಲಿಗೆ, ವಾಲಗದವರು ಚಿಕ್ಕಪ್ಪನ ಪಾಲಿಗೆ. ಯಾವುದಕ್ಕೂ ಬಾರದ ಸೋದರಮಾವನಿಗೆ, ಅಂದರೆ ನನಗೆ, ಉಳಿದದ್ದು ವಿಡಿಯೋದವರು. “ನಿಂಗೆ ಮೊದಲಿಂದಲೂ ಕ್ಯಾಮೆರಾ ಹುಚ್ಚಲ್ವೇನೋ” ಎಂದು ಅಕ್ಕ ಅದಕ್ಕೊಂದು ಗೌರವವನ್ನೂ ತೊಡಿಸಿದಳು. ಆ ಹುಚ್ಚಿನ ಪೂರ್ತಿ ಚರಿತ್ರೆ ಇಷ್ಟೇ: 1988ರಲ್ಲಿ ಒಂದು ಹಾಟ್‌ಶಾಟ್ ಕ್ಯಾಮೆರಾ ಕೊಂಡಿದ್ದೆ. ಮೊದಲ ರೋಲಿನ ಮೂವತ್ತಾರು ಫೋಟೋಗಳ ಪೈಕಿ ಹನ್ನೊಂದರಲ್ಲಿ ನನ್ನ ಹೆಬ್ಬೆರಳು ಬಹಳ ಚೆನ್ನಾಗಿ ಬಂದಿತ್ತು.

ಆ ಹೆಬ್ಬೆರಳಿನ ಅನುಭವದ ಬಲದ ಮೇಲೆ ಮೈಸೂರಿನ ಕುವೆಂಪುನಗರದ ಒಂದು ಸ್ಟುಡಿಯೋ ಮೆಟ್ಟಿಲು ಹತ್ತಿದೆ. ಹತ್ತುವಾಗಲೇ ಅಕ್ಕನ ಮಗಳು ಎಚ್ಚರಿಸಿದಳು: “ಮಾಮ, ಅವರನ್ನ ವಿಡಿಯೋದವ್ರೇ ಅಂತ ಕರೀಬೇಡಿ. ವೆಡ್ಡಿಂಗ್ ಫಿಲ್ಮ್ ಮೇಕರ್ಸ್ ಅವರು.” ಒಳಗೆ ಗಡ್ಡ ಬಿಟ್ಟು ಜುಟ್ಟು ಕಟ್ಟಿದ ಹುಡುಗನೊಬ್ಬ ಕೂತಿದ್ದ. ಜುಟ್ಟು ನೋಡಿ ಪುರೋಹಿತರ ಕಡೆಯವನಿರಬೇಕು ಎಂದುಕೊಂಡೆ. ಕಾಫಿ ತರಿಸಿದ. ನನ್ನ ಮುಖವನ್ನೇ ನೋಡುತ್ತ ಕೇಳಿದ: “ಇವರಿಬ್ಬರ ಸ್ಟೋರಿ ಏನು ಸರ್?”

“ಸ್ಟೋರಿ ಅಂಥದ್ದೇನಿಲ್ಲಪ್ಪ. ಜಾತಕ ಕೂಡಿತು. ಹುಡುಗನ ಕಡೆಯವರು ಬಂದು ಉಪ್ಪಿಟ್ಟು ಕೇಸರಿಬಾತು ತಿಂದ್ರು. ಒಪ್ಪಿದ್ವಿ. ಛತ್ರ ಸಿಕ್ಕಿದ ದಿನಕ್ಕೇ ಮುಹೂರ್ತವೂ ಸಿಕ್ತು.”

ಪಾಪ, ಅವನ ಮುಖ ಬಾಡಿತು. “ಎಲ್ಲೂ ಒಂದು ಕಾನ್‌ಫ್ಲಿಕ್ಟ್ ಇರಲಿಲ್ವಾ ಸರ್?” ಎಂದ. ಇತ್ತಲ್ಲ, ಭಾವನಿಗೆ ಎಲೆಗೆ ಚಿರೋಟಿ ಬೀಳಬೇಕು, ಬೀಗರಿಗೆ ಒಬ್ಬಟ್ಟೇ ಆಗಬೇಕು, ಒಂದು ವಾರ ಮಾತುಕತೆ ನಡೆದು ಕೊನೆಗೆ ಎರಡೂ ಗೊತ್ತಾಗಿತ್ತು. ಅದನ್ನು ಹೇಳಿದೆ. ಅವನು ಬರೆದುಕೊಳ್ಳಲಿಲ್ಲ.

ರೇಟು ಕೇಳಿದರೆ “ನಿಮ್ಮ ಬಜೆಟ್ ಹೇಳಿ ಸರ್, ಮಾಡೋಣ” ಎಂದ. ಸೀರೆ ಅಂಗಡಿಯವನು, ಸೈಟಿನ ಬ್ರೋಕರು, ಈಗ ಇವನು. ನಮ್ಮ ಕುತ್ತಿಗೆಯ ಅಳತೆಯನ್ನು ನಮ್ಮ ಬಾಯಿಂದಲೇ ಹೇಳಿಸುವ ಜನ. ಕ್ಯಾಂಡಿಡ್ ಫೋಟೋ ಬೇರೆ, ಸಿನಿಮ್ಯಾಟಿಕ್ ವಿಡಿಯೋ ಬೇರೆ, ಡ್ರೋನ್ ಬೇರೆ, ಎಲ್‌ಇಡಿ ವಾಲ್ ಬೇರೆ, ಟ್ರೆಡಿಷನಲ್ ವಿಡಿಯೋ ಬೇರೆ. ಈ ಕೊನೆಯದು ಏನಪ್ಪ ಅಂದೆ. “ಅದು ಸುಮ್ನೆ ಸರ್. ಸ್ಟ್ಯಾಂಡ್ ಹಾಕಿ ನಿಲ್ಸಿರ್ತೀವಿ, ಬಂದೋರು ಹೋದೋರೆಲ್ಲ ಬೀಳ್ತಾರೆ. ಹಿರಿಯರು ಕೇಳ್ತಾರೆ ಅಂತ ಒಬ್ಬ ಹುಡುಗನ್ನ ಹಾಕ್ತೀವಿ” ಎಂದ, ಊಟದ ಕೊನೆಗೆ ಮಜ್ಜಿಗೆ ಇದೆ ಅನ್ನುವ ಹಾಗೆ. ಎಲ್ಲ ಸೇರಿ ಎರಡು ದಿನಕ್ಕೆ 1,80,000 ರೂಪಾಯಿ. ಮೇಲೆ ಶೇ. 18 ಜಿಎಸ್‌ಟಿ, ಅದೇ 32,400. 1991ರಲ್ಲಿ ನನ್ನ ಮದುವೆಯ ವಿಡಿಯೋಗೆ ಒಟ್ಟು ಕೊಟ್ಟದ್ದು ಮೂರು ಸಾವಿರ. ತೆರಿಗೆಯ ದುಡ್ಡಿನಲ್ಲೇ ಹತ್ತು ಸಲ ಮದುವೆಯಾಗಬಹುದಿತ್ತು. ಈ ಲೆಕ್ಕವನ್ನು ಮನೆಯಲ್ಲಿ ಹೇಳಬಾರದಿತ್ತು.

ನನ್ನ ಮದುವೆ ನಡೆದದ್ದು ತಿಪಟೂರಿನ ಛತ್ರವೊಂದರಲ್ಲಿ. ಆಗ ವಿಡಿಯೋಗೆ ಇಬ್ಬರೇ ಬರುತ್ತಿದ್ದರು: ಹೆಗಲ ಮೇಲೆ ಕ್ಯಾಮೆರಾ ಹೊತ್ತವನು, ಅವನ ಪಕ್ಕ ಲೈಟು ಹಿಡಿದ ಹುಡುಗ. ಸಾವಿರ ವ್ಯಾಟಿನ ಹ್ಯಾಲೊಜೆನ್ ದೀಪ ಅದು. ಹೊತ್ತಿಕೊಂಡಿತೆಂದರೆ ಛತ್ರದ ಮಿಕ್ಕ ದೀಪಗಳೆಲ್ಲ ಸಂಕೋಚದಿಂದ ಮಂಕಾಗುತ್ತಿದ್ದವು. ಮುಂದೆ ಹೋಮದ ಕಾವು, ಪಕ್ಕದಲ್ಲಿ ಹ್ಯಾಲೊಜೆನ್ ಕಾವು, ನಡುವೆ ನಾವಿಬ್ಬರು ಎರಡೂ ಮಗ್ಗುಲು ಬೆಂದ ಅಕ್ಕಿರೊಟ್ಟಿ. ಇಡೀ ಕ್ಯಾಸೆಟ್ಟಿನಲ್ಲಿ ನಮ್ಮ ನೆಂಟರಿಷ್ಟರೆಲ್ಲ ಕಣ್ಣು ಕಿರಿದು ಮಾಡಿಕೊಂಡೇ ಇದ್ದಾರೆ. ಗೊತ್ತಿಲ್ಲದವರು ನೋಡಿದರೆ ವಂಶಕ್ಕೇ ಕಣ್ಣುಬೇನೆ ಅನ್ನಬೇಕು.

ಅವರ ನಿಜವಾದ ಪೌರುಷ ಕಾಣುತ್ತಿದ್ದದ್ದು ಊಟದ ಮನೆಯಲ್ಲಿ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಎಲೆ ಎಲೆಗೂ ನಿಂತು ಸಾಗುತ್ತಿದ್ದರು. ಸಾರನ್ನ ಕಲಸಿದ ಕೈ ಎಲೆಯಿಂದ ಹೊರಟು ಬಾಯಿ ತಲುಪುವ ಮುಂಚೆ ಸರಿಯಾಗಿ ಮುಖದ ಮೇಲೆ ಬೆಳಕು. ತುತ್ತು ಕೆಳಗಿಟ್ಟರೆ ಅವಮಾನ, ಬಾಯಿಗಿಟ್ಟರೆ ಶಾಶ್ವತ ದಾಖಲೆ. ಗಂಡಸರು ತಲೆ ತಗ್ಗಿಸಿ ಉಪ್ಪಿನಕಾಯಿಯನ್ನು ಪರೀಕ್ಷಿಸುತ್ತಿದ್ದರು, ಹೆಂಗಸರು ಎಡಗೈಯಲ್ಲಿ ಸೆರಗು ಎಳೆದು ಅಡ್ಡ ಹಿಡಿಯುತ್ತಿದ್ದರು. ನಮ್ಮ ದೊಡ್ಡಜ್ಜ ಒಬ್ಬರು ಮಾತ್ರ ಆ ಬೆಳಕನ್ನೇ ದಿಟ್ಟಿಸುತ್ತ, ಒಬ್ಬಟ್ಟು ಅಗಿಯುತ್ತ, “ಏಯ್, ಆ ಸೊಡರು ಅತ್ಲಾಗಿಡು, ತುಪ್ಪದವನನ್ನ ಕರಿ” ಎಂದು ಲೈಟಿನ ಹುಡುಗನಿಗೇ ಅಪ್ಪಣೆ ಕೊಡಿಸಿದ್ದು ಸ್ಪಷ್ಟವಾಗಿ ಕೇಳಿಸುತ್ತದೆ.

ಆಮೇಲೆ ಮಿಕ್ಸಿಂಗು. ದಾಸವಾಳ ಅರಳುತ್ತದೆ, ಒಳಗಿಂದ ನನ್ನ ಮುಖ ಬರುತ್ತದೆ. ಹೃದಯದ ಆಕಾರದ ತೂತಿನೊಳಗೆ ಹೆಂಡತಿಯ ಮುಖ ಗಿರಗಿರನೆ ತಿರುಗಿ ಬಂದು ನನ್ನ ಕಿವಿಯ ಪಕ್ಕ ನಿಲ್ಲುತ್ತದೆ. ಮೂವತ್ತು ವರ್ಷ ದಾಟಿತು, ಅದು ಅಲ್ಲೇ ನಿಂತಿದೆ.

ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಿತ್ತು, ನೆನಪಿದೆಯೇ? ಅದನ್ನು ಮುರಿದುಬಿಟ್ಟರೆ ಮೇಲೆ ಮತ್ತೇನೂ ರೆಕಾರ್ಡ್ ಆಗುತ್ತಿರಲಿಲ್ಲ. ಮದುವೆ ಕ್ಯಾಸೆಟ್ಟಿನಲ್ಲಿ ಏನನ್ನಾದರೂ ಮುರಿಯುವುದು ಅಪಶಕುನ ಅಂತ ಅಮ್ಮ ತಡೆದರು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಭಾವನ ಕೈಗೆ ಖಾಲಿ ಕ್ಯಾಸೆಟ್ ಸಿಗಲಿಲ್ಲ, ನನ್ನದು ಸಿಕ್ಕಿತು. ಈಗ ಸಪ್ತಪದಿಯ ನಾಲ್ಕನೇ ಹೆಜ್ಜೆಯವರೆಗೆ ನಾವಿದ್ದೇವೆ. ಐದನೇ ಹೆಜ್ಜೆ ವೆಂಕಟೇಶ್ ಪ್ರಸಾದ್ ಇಡುತ್ತಾರೆ, ಓಡುತ್ತ ಬಂದು. ಆಮೀರ್ ಸೊಹೇಲ್ ಬೌಲ್ಡ್! ನಮ್ಮ ಮದುವೆ ಪೂರ್ತಿ ಆಯಿತೆನ್ನುವುದಕ್ಕೆ ದಾಖಲೆ ಇಲ್ಲ, ಸೊಹೇಲ್ ಔಟಾದ್ದಕ್ಕಿದೆ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಭಾವನಿಗೆ ತಪ್ಪಿನ ಅರಿವಾಗಿ, ಊಟದ ಮನೆ ಉಳಿದುಕೊಂಡಿತು.

ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆಯನ್ನೇ ನಿಲ್ಲಿಸಿದ ಸುದ್ದಿ ಓದಿ ಗಾಬರಿಯಾಗಿ, ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟನ್ನು ಒರೆಸಿ, ಪೆನ್‌ಡ್ರೈವ್‌ಗೆ ಹಾಕಿಸಿದೆ. ಹಬ್ಬಕ್ಕೆ ನಾಲ್ಕು ಜನ ಸೇರಿದರೆ ಇವತ್ತಿಗೂ ಹಾಕುತ್ತೇವೆ. ನನ್ನ ಮುಖ ಯಾರಿಗೂ ಬೇಡ. “ಊಟದ ಮನೆಗೆ ಓಡ್ಸೋ” ಅನ್ನುತ್ತಾರೆ. “ಅಯ್ಯೋ, ಅತ್ತೆ ನೋಡೇ, ಆಗಿನ್ನೂ ಎಲ್ಲ ಹಲ್ಲೂ ಇತ್ತು!” “ತಾಳು ತಾಳು, ಈಗ ದೊಡ್ಡಜ್ಜ ತುಪ್ಪ ಕೇಳ್ತಾರೆ!” ಆ ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಎಲೆ ಮಡಿಸಿ ಎದ್ದು ಹೋಗಿದ್ದಾರೆ. ದೊಡ್ಡಜ್ಜನ ದನಿ ಅಂತ ನಮ್ಮ ಹತ್ತಿರ ಉಳಿದಿರುವುದು ತುಪ್ಪದ ಅದೊಂದು ಮಾತು. ಮದುವೆ ವಿಡಿಯೋ ಅಂದರೆ ಹಾಜರಿ ಪುಸ್ತಕ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಆದ್ದರಿಂದ ಜುಟ್ಟಿನ ಹುಡುಗನಿಗೆ ಒಂದೇ ಷರತ್ತು ಹಾಕಿದೆ, ಊಟದ ಮನೆ ಬರಬೇಕು. ಅವನು ಬೆಚ್ಚಿಬಿದ್ದ. “ಸರ್, ತಿನ್ನೋವಾಗ ಜನ ಚೆನ್ನಾಗಿ ಕಾಣಲ್ಲ.”

“ಗೊತ್ತಪ್ಪ. ನಮ್ಮ ಕಡೆಯವರು ತಿನ್ನದೆ ಇದ್ದಾಗಲೂ ಅಷ್ಟೇನೂ ಕಾಣಲ್ಲ.”

ಕರಾರು ಪತ್ರ ನಾಲ್ಕು ಪುಟ. 1957ರ ಕೃತಿಸ್ವಾಮ್ಯ ಕಾಯ್ದೆ ಏನು ಹೇಳುತ್ತದೆಂದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋ, ಫಿಲ್ಮುಗಳ ಮೊದಲ ಒಡೆತನ ತೆಗೆಸಿದವನದು, ಬೇರೆ ಕರಾರು ಇಲ್ಲದಿದ್ದರೆ. ಆ ‘ಇಲ್ಲದಿದ್ದರೆ’ಯನ್ನು ಇಲ್ಲವಾಗಿಸಲೆಂದೇ ಆ ನಾಲ್ಕು ಪುಟ. ನಮ್ಮ ಮದುವೆಯನ್ನು ಅವರು ಇನ್‌ಸ್ಟಾಗ್ರಾಮಿನಲ್ಲಿ ಹಾಕಿಕೊಳ್ಳಬಹುದು ಎಂಬ ಕಲಮನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಅಕ್ಕನ ಮಗಳು ಕೈ ಹಿಡಿದಳು. “ಮಾಮ, ಅವರು ಹಾಕ್ಲಿ ಅಂತಾನೇ ಇವರನ್ನ ಹಿಡಿದಿರೋದು!”

ಪೂರ್ತಿ ರಾ ಫೂಟೇಜ್ ಬೇಕಾದರೆ ಹಾರ್ಡ್ ಡಿಸ್ಕ್ ನಾವೇ ತಂದುಕೊಡಬೇಕಂತೆ. ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ 4ಕೆ ತೆಗೆದರೆ ಗಂಟೆಗೆ 45 ಜಿಬಿ, ಮೂರು ಕ್ಯಾಮೆರಾ ಎಂಟು ಗಂಟೆ ಓಡಿದರೆ ಒಂದು ಟಿಬಿ ದಾಟಿತು. ಭಾವ ದಿನಸಿ ಪಟ್ಟಿಯಲ್ಲಿ ಒಣಕೊಬ್ಬರಿಯ ಕೆಳಗೆ ‘ಹಾರ್ಡ್ ಡಿಸ್ಕ್ (ದೊಡ್ಡದು) – 1’ ಎಂದು ಬರೆದುಕೊಂಡರು.

ಪ್ರೀ-ವೆಡ್ಡಿಂಗ್ ಶೂಟು ಮೇಲುಕೋಟೆಯ ರಾಯಗೋಪುರದಲ್ಲಿ. ಕಟ್ಟಿ ಮುಗಿಸದೆ ಬಿಟ್ಟ ಆ ಗೋಪುರದ ಕಂಬಗಳ ನಡುವೆ ಬೆಳಗ್ಗೆ ಆರೂವರೆಗೆ ನಮ್ಮದೂ ಸೇರಿ ನಾಲ್ಕು ಜೋಡಿ. ಒಂದು ಜೋಡಿ ಪ್ರೀತಿಸುವಾಗ ಮಿಕ್ಕ ಮೂರು ಕಂಬದ ಹಿಂದೆ ಬಗ್ಗಿ ಕೂರಬೇಕು. ಹುಡುಗ ಹುಡುಗಿಯನ್ನು ಎತ್ತಿ ಮೂರು ಸುತ್ತು ತಿರುಗಿಸಬೇಕಿತ್ತು. ಅಳಿಯಂದಿರು ಸಾಫ್ಟ್‌ವೇರಿನವರು, ಲ್ಯಾಪ್‌ಟಾಪಿಗಿಂತ ಭಾರದ್ದನ್ನು ಎತ್ತಿದವರಲ್ಲ. ಎರಡನೇ ಸುತ್ತಿಗೇ ಸೊಂಟ ಹಿಡಿಯಿತು. ಬರುವ ದಾರಿಯಲ್ಲಿ ಪುಳಿಯೋಗರೆ ತಿನ್ನುತ್ತ ಅವಳು ಅವರ ಬೆನ್ನಿಗೆ ಮುಲಾಮು ತಿಕ್ಕಿದಳು. ಆಗ ಕ್ಯಾಮೆರಾ ಚೀಲದೊಳಗಿತ್ತು.

ಇನ್ನು ಮುಹೂರ್ತ. ಛತ್ರದಲ್ಲಿ ಆರುನೂರು ಜನ. ಆರುನೂರು ಜನಕ್ಕೂ ಕಂಡದ್ದು ಐದು ಬೆನ್ನು. ಜುಟ್ಟಿನವನದು ಒಂದು, ಅವನ ಶಿಷ್ಯರವು ನಾಲ್ಕು. ಮದುವೆ ಎಲ್ಲಿ ನಡೀತಿದೆ ಅಂದರೆ ಎಲ್‌ಇಡಿ ವಾಲ್‌ನಲ್ಲಿ. ಗಟ್ಟಿಮೇಳ ಎಂದಾಗ ನಾವು ಎಸೆದ ಅಕ್ಷತೆಯಲ್ಲಿ ಮುಕ್ಕಾಲು ಪಾಲು ಆ ಹುಡುಗರ ತಲೆಗೇ ಬಿತ್ತು. ಲಗ್ನದ ತಿಂಗಳಲ್ಲಿ ದಿನ ಬಿಟ್ಟು ದಿನ ಹೀಗೆ ಅಕ್ಷತೆ ಬೀಳಿಸಿಕೊಂಡರೂ ಐವರಿಗೂ ಇನ್ನೂ ಹೆಣ್ಣು ಸಿಕ್ಕಿಲ್ಲವಂತೆ. ಮೂರನೇ ಗಂಟು ಫೋಕಸ್ ಆಗಲಿಲ್ಲ, ಇನ್ನೊಂದ್ಸಲ ಕಟ್ಟಿಸಿ ಅಂತ ಒಬ್ಬ ಕೇಳಿದ. ಪುರೋಹಿತರು ಮಂತ್ರದ ಸ್ವರ ಇಳಿಸದೆಯೇ “ನಾಲ್ಕನೇ ಗಂಟು ನಿನಗೆ ಕಟ್ಟಿಸ್ತೀನಿ” ಅಂದರು.

ಡ್ರೋನ್ ಹಾರಿಸಲು ಪರ್ಮಿಷನ್ ಗಿರ್ಮಿಷನ್ ಇದೆಯೇನಪ್ಪ ಅಂತ ಭಾವ ಹೆದರಿದರು. “ಇದು 249 ಗ್ರಾಂ ಅಂಕಲ್. 2021ರ ನಿಯಮದಲ್ಲಿ 250 ಗ್ರಾಂವರೆಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ” ಎಂದ. ಕಾಲು ಕಿಲೋ ಕಾಫಿಪುಡಿಗಿಂತ ಒಂದು ಗ್ರಾಂ ಕಡಿಮೆ. ಆ ಕಾಫಿಪುಡಿ ಚಪ್ಪರದ ತೋರಣಕ್ಕೆ ಸಿಕ್ಕಿಕೊಂಡು, ಏಣಿ ತರಿಸಿ ಇಳಿಸಬೇಕಾಯಿತು.

ಮೂರು ತಿಂಗಳಿಗೆ ಟೀಸರ್ ಬಂತು. ಮೂರು ನಿಮಿಷ ನಲವತ್ತು ಸೆಕೆಂಡು. ಚೆನ್ನಾಗಿಲ್ಲ ಅಂದರೆ ಬಾಯಿಗೆ ಹುಳ ಬಿದ್ದೀತು, ಬಹಳ ಚೆನ್ನಾಗಿದೆ. ಮಲ್ಲಿಗೆ ಮೊಗ್ಗಿನ ಮೇಲೆ ನೀರು, ಬಳೆ, ಕಾಲುಂಗುರ, ಅಂತರಪಟದ ಅಂಚು, ಹೊಗೆ. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವ. ಅದಕ್ಕೆಂದೇ ರೇಷ್ಮೆ ಶರಟು ಹೊಲಿಸಿದ್ದೆ. ಆ ದೃಶ್ಯ ಬಂದಾಗ ಸೋಫಾದ ತುದಿಗೆ ಸರಿದು ಕೂತೆ. ತೆರೆಯ ತುಂಬ ಮದುಮಗಳ ಮುಖ, ಬಲಕ್ಕೆ ಮಸುಕಾಗಿ ಏನೋ ಒಂದು. ಸೆಕೆಂಡಿಗೆ ನೂರು ಫ್ರೇಮ್ ತೆಗೆದು ಇಪ್ಪತ್ತೈದರಂತೆ ಓಡಿಸುತ್ತಾರಂತೆ, ಒಂದು ಸೆಕೆಂಡು ನಾಲ್ಕಾಗುತ್ತದೆ. ಆ ಏನೋ ಒಂದು ನಾಲ್ಕು ಸೆಕೆಂಡು ತೇಲಿ ಹೋಯಿತು. “ರೀ, ಆ ಮೊಣಕೈ ನಿಮ್ದೇ” ಎಂದಳು ಹೆಂಡತಿ, “ಶರಟಿನ ತೋಳಿಗೆ ಸಾಂಬಾರು ಚೆಲ್ಕೊಂಡಿದ್ರಲ್ಲ, ಕಲೆ ಕಾಣುತ್ತೆ.”

ಅದರ ಬೆನ್ನಿಗೇ ಒಬ್ಬರು ಹಿರಿಯರು ಬಂದರು. ಬೆಳ್ಳಿಗೂದಲು, ಜರಿಪಂಚೆ, ಕೈ ಎತ್ತಿ ಹರಸುತ್ತಿದ್ದಾರೆ, ಕಣ್ಣಲ್ಲಿ ತೆಳ್ಳಗೆ ನೀರು. ಅವರಿಗೂ ನಾಲ್ಕು ಸೆಕೆಂಡು, ಅದೂ ಪೂರ್ತಿ ಮುಖಕ್ಕೆ. ಎಂಥ ಕಳೆ! ಬೀಗರ ಮನೆಯಲ್ಲಿ ಇಂಥ ಹಿರೀಕರಿರುವುದು ನಮ್ಮ ಹುಡುಗಿಯ ಪುಣ್ಯ ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಹಾರ್ಡ್ ಡಿಸ್ಕ್ ಹೊರಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಮುಯ್ಯಿ ಲೆಕ್ಕ ತಾಳೆಯಾಗಲಿಲ್ಲ. ಹೆಸರಿಲ್ಲದ ಒಂದು ಕುಕ್ಕರು ಉಳಿದಿತ್ತು. ಕೊಟ್ಟವರಾರೆಂದು ತಿಳಿಯದೆ ತಿರುಗಿ ಮುಯ್ಯಿ ಮಾಡುವುದು ಹೇಗೆ? ಅಕ್ಕ ನೋಟ್‌ಬುಕ್ಕು, ಪೆನ್ನು, ಕನ್ನಡಕ ಹಿಡಿದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಆ ಬಡಪಾಯಿ ಟ್ರೆಡಿಷನಲ್ ವಿಡಿಯೋದ ಮುಂದೆ ಕೂತಳು. ಕುಕ್ಕರಿನ ಒಡೆಯರು ಆರತಕ್ಷತೆಯ ಎರಡನೇ ಗಂಟೆಯಲ್ಲಿ ಸಿಕ್ಕರು. ಆದರೆ ಅವಳು ಏಳಲಿಲ್ಲ. “ಬಾರೋ ಇಲ್ಲಿ” ಎಂದು ಕೂಗಿದಳು.

ಅದೇ ಹಿರಿಯರು. ವೇದಿಕೆಯ ಮೇಲೆ ಬರಿಗೈ. ಮೊದಲ ಪಂಕ್ತಿಯಲ್ಲಿದ್ದಾರೆ, ಮೂರನೇ ಪಂಕ್ತಿಯಲ್ಲೂ ಇದ್ದಾರೆ. ಮೂರನೆಯದರಲ್ಲಿ ಎಲೆಯ ಎದುರು ಒಬ್ಬ ಬಗ್ಗಿ ನಿಂತಿದ್ದಾನೆ, ರೇಷ್ಮೆ ಶರಟು. ಇಡೀ ಮದುವೆಯಲ್ಲಿ ನನ್ನ ಮುಖ ಪೂರ್ತಿ ಬಿದ್ದಿರುವುದು ಅದೊಂದೇ ಕಡೆ: ಒಬ್ಬಟ್ಟಿನ ತಟ್ಟೆ ಹಿಡಿದು, “ಬೀಗರು ಹಾಗನ್ನಬಾರದು, ಇನ್ನೊಂದು ಹಾಕಿಸ್ಕೊಳ್ಳಲೇಬೇಕು” ಎಂದು ಅಂಗಲಾಚುತ್ತಿದ್ದೇನೆ.

ಅಕ್ಕ ಬೀಗಿತ್ತಿಗೆ ಫೋನು ಹಚ್ಚಿ, ನಿಮ್ಮ ಆ ದೊಡ್ಡವರು ಯಾರು, ಹೆಸರು ಬರೆದುಕೊಳ್ಳಬೇಕಿತ್ತು ಎಂದು ನಯವಾಗಿ ಕೇಳಿದಳು. ಆ ಕಡೆಯಿಂದ ಒಂದು ಗಳಿಗೆ ಮಾತೇ ಇಲ್ಲ.

“ನಮ್ಮವರಾ? ನಿಮ್ಮ ತಮ್ಮ ಅಷ್ಟೊಂದು ಉಪಚಾರ ಮಾಡ್ತಿದ್ರಲ್ರೀ, ನಿಮ್ಮ ದೊಡ್ಡಪ್ಪನೇ ಇರ್ಬೇಕು ಅಂತ ನಾವೆಲ್ಲ ಸಾಲಾಗಿ ನಿಂತು ಕಾಲಿಗೆ ಬಿದ್ವಿ!”