ಕೊಂಡ ಮೇಲೆ ಕಂಡ ಸುಳಿ

ಕುದುರೆ ಮಾರಿದವನ ನೆಮ್ಮದಿ ಸಾಮಾನ್ಯವಾಗಿ ಮುಂದಿನ ಭಾನುವಾರದವರೆಗೆ ಮಾತ್ರ. ಅಂದು ಫೋನು ಬರುತ್ತದೆ. ಕೊಂಡವರು ನಮಗೆಲ್ಲ ಪರಿಚಿತರೇ. ದೇವನಹಳ್ಳಿಯ ಆಚೆಗೋ ಕನಕಪುರ ರಸ್ತೆಯಲ್ಲೋ ತೋಟದ ಮನೆ ಕಟ್ಟಿಸಿ, ಗೇಟಿಗೆ ಹೆಸರು ಕೆತ್ತಿಸಿ, ಇನ್ನೇನು ಬಾಕಿ ಎಂದು ಸುತ್ತ ಕಣ್ಣಾಡಿಸಿದಾಗ ಒಂದು ಕುದುರೆ ಬಾಕಿಯಿದೆ ಎಂದು ಕಂಡುಕೊಂಡ ದೊಡ್ಡ ಮನುಷ್ಯರು. ರೇಸಿನಿಂದ ನಿವೃತ್ತಿಯಾದ ಐದಾರು ವರ್ಷದ ಥರೋಬ್ರೆಡ್ ಸಿಕ್ಕಿತು, ಅದರ ಮೇಲೆ ಕೂತ ಫೋಟೋ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಏರಿತು. ಸ್ಟೇಟಸ್ಸು 24 ಗಂಟೆಯಲ್ಲಿ ಅಳಿಸಿಹೋಗುತ್ತದೆ. ಕುದುರೆ ಚೆನ್ನಾಗಿ ನೋಡಿಕೊಂಡರೆ ಇನ್ನೂ 20 ವರ್ಷ ಬಾಳುತ್ತದೆ. ಈ ಲೆಕ್ಕ ತಲೆಗೆ ಹೊಳೆದ ದಿನವೇ ಆ ಫೋನು.

ಆದರೆ ‘ನನ್ನ ಮನಸ್ಸು ಬದಲಾಯಿತು’ ಎಂದು ಆ ಮಹಾಶಯರು ಬಾಯಿಬಿಟ್ಟು ಹೇಳುವುದಿಲ್ಲ. ಬದಲಾದದ್ದು ಯಾವಾಗಲೂ ಕುದುರೆಯೇ. ಮೊದಲು ‘ಇದು ಕೆಮ್ಮುತ್ತಲ್ಲಾ ಸ್ವಾಮಿ’, ಆಮೇಲೆ ‘ಎಡಗಾಲು ಇಡೋ ರೀತಿ ಯಾಕೋ ಸರಿಯಿಲ್ಲ’, ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಬ್ರಹ್ಮಾಸ್ತ್ರ: ‘ನಮ್ಮ ಮಾವನವರು ಬಂದು ನೋಡಿದ್ರು, ಕತ್ತಿನ ಹತ್ರ ಸುಳಿ ಇದೆಯಂತೆ, ಮನೆಗೆ ಆಗಿಬರಲ್ವಂತೆ.’ ಸುಳಿ ಹುಟ್ಟಿನಿಂದ ಇರುವಂಥದು, ಮುಂಗಡ ಕೊಟ್ಟ ದಿನವೂ ಅದೇ ಜಾಗದಲ್ಲಿತ್ತು. ಅಂದು ಕಾಣದ್ದು ಇಂದು ಕಾಣುವುದಕ್ಕೆ ಕಾರಣ ಬೇರೆಯೇ ಇದೆ. 450 ಕಿಲೋ ತೂಗುವ ಕುದುರೆ ದಿನಕ್ಕೆ ಎಂಟು-ಹತ್ತು ಕಿಲೋ ಮೇವು ತಿನ್ನುತ್ತದೆ, 30 ಲೀಟರಿನಷ್ಟು ನೀರು ಕುಡಿಯುತ್ತದೆ, ಆರೇಳು ವಾರಕ್ಕೊಮ್ಮೆ ಲಾಳ ಕಟ್ಟಿಸಿಕೊಳ್ಳುತ್ತದೆ. ಜೊತೆಗೆ ಕುದುರೆ ನೋಡಿಕೊಳ್ಳುವ ಸಾಯಿಸನ ಸಂಬಳ. ಲದ್ದಿಯ ವಿಷಯ ಮೊದಲೇ ಯಾರೂ ಹೇಳಿರುವುದಿಲ್ಲ. ಹೀಗಾಗಿ ಕುದುರೆಗೆ ಡಾಕ್ಟರನ್ನು ಕರೆಸಿ ಈ ದೂರು ತೀರಿಸಲು ಹೊರಟ ಮಾರಾಟಗಾರ ತಪ್ಪು ರೋಗಿಗೆ ಮದ್ದು ಮಾಡುತ್ತಿರುತ್ತಾನೆ.

ಕುದುರೆ ವ್ಯಾಪಾರದ ಗುರುತು ನಮ್ಮ ಕಾನೂನಿಗೂ ಇದ್ದಂತಿದೆ. 1872ರ ಕರಾರು ಕಾಯಿದೆಯ 17ನೇ ಸೆಕ್ಷನ್ ವಂಚನೆಯನ್ನು ವಿವರಿಸಲು ಹಿಡಿದುಕೊಂಡದ್ದು ಕುದುರೆಯನ್ನೇ. ಕುದುರೆಗೆ ದೋಷವಿದೆಯೆಂದು ತಿಳಿದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳಲೇಬೇಕು. ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತ ತಿಳಿಯುತ್ತೇನೆ’ ಎಂದು ಕೊಳ್ಳುವವನು ಅಂದಾಗ ಬಾಯಿ ಮುಚ್ಚಿಕೊಂಡರೆ ಆ ಮೌನವೇ ಮಾತು. ಮುಚ್ಚಿಟ್ಟದ್ದರ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾಯಿದೆ ಮಾವನವರ ಸುಳಿಗೆ ಮಾತ್ರ ಒಂದು ಸಾಲನ್ನೂ ಮೀಸಲಿಟ್ಟಿಲ್ಲ.

ಮೋಸಗಾರರೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ನೋವಿನ ಇಂಜೆಕ್ಷನ್ ಕೊಟ್ಟು ಕುಂಟು ಕುದುರೆಯನ್ನು ಒಂದು ದಿನದ ಮಟ್ಟಿಗೆ ನೆಟ್ಟಗೆ ನಡೆಸುವುದು ಹಳೆಯ ವಿದ್ಯೆ. ಅದಕ್ಕೆ ಮದ್ದು, ಕೊಳ್ಳುವವರೇ ಆರಿಸಿದ ಪಶುವೈದ್ಯರಿಂದ ವ್ಯಾಪಾರಕ್ಕೆ ಮುಂಚೆಯೇ ಪರೀಕ್ಷೆ, ರಕ್ತದ ಮಾದರಿ ಸಮೇತ. ಇದಕ್ಕೆ ಒಪ್ಪದ ಮಾರಾಟಗಾರನ ಮೇಲೆ ಅನುಮಾನ ಪಡುವುದೇ ಸರಿ. ಒಪ್ಪಿದವನ ಮೇಲೂ ದೂರು ನಿಲ್ಲದಿದ್ದರೆ ಮಾತ್ರ ರೋಗ ಕುದುರೆಯದಲ್ಲ, ಖರ್ಚಿನ ಲೆಕ್ಕದ್ದು; ಅದಕ್ಕೆ ಮದ್ದು ಕುದುರೆಯನ್ನು ವಾಪಸು ಪಡೆಯುವುದು.

ವ್ಯಾಪಾರ ಮುಗಿದ ಮೇಲೆ ವಾಪಸು ಏಕೆ ತೆಗೆದುಕೊಳ್ಳಬೇಕು ಎಂಬುದು ಇನ್ನೊಂದು ಆಕ್ಷೇಪ. ನ್ಯಾಯವಾಗಿ ಬೇಕಿಲ್ಲ. ಆದರೆ ಬೇಡವಾದ ಮನೆಯಲ್ಲಿ ಕುದುರೆಗೆ ಒಂದು ದಿನ ಉಪವಾಸ, ಮರುದಿನ ಪಶ್ಚಾತ್ತಾಪದ ಬಕೆಟ್ಟು ತುಂಬ ಹುರುಳಿ, ಅದರಿಂದ ಹೊಟ್ಟೆನೋವು. ತಿಂಗಳಾಗುವಷ್ಟರಲ್ಲಿ ಸುಳ್ಳು ದೂರೆಲ್ಲ ನಿಜವಾಗಿಬಿಡುತ್ತದೆ. ಆದ್ದರಿಂದ ಮನಸ್ಸು ಬದಲಿಸಲು ಮೊದಲೇ ಗಡುವು ಕೊಡುವುದು ಮೇಲು. 1930ರ ಸರಕು ಮಾರಾಟ ಕಾಯಿದೆಯ 24ನೇ ಸೆಕ್ಷನ್ ಇದಕ್ಕೆ ದಾರಿ ಮಾಡಿದೆ: ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದು ಕೊಟ್ಟದ್ದನ್ನು ಗಡುವು ಮೀರಿ ಸುಮ್ಮನೆ ಇಟ್ಟುಕೊಂಡರೆ ಅದು ಕೊಂಡವರದೇ. ಅಪಾಯವಿಲ್ಲವೆಂದಲ್ಲ. 1880ರಲ್ಲಿ ಇಂಗ್ಲೆಂಡಿನಲ್ಲಿ ಎಂಟು ದಿನದ ಪರೀಕ್ಷೆಗೆಂದು ಕೊಟ್ಟ ಕುದುರೆ ಯಾರ ತಪ್ಪೂ ಇಲ್ಲದೆ ಮೂರನೇ ದಿನ ಸತ್ತಾಗ, ನಷ್ಟ ಮಾರುವವನ ತಲೆಗೇ ಬಂತು.

ಕುದುರೆ ಮಾರುವವರು ಇಷ್ಟು ಮಾಡಿ. ಒಂದು ವಾರದ ಗಡುವು, ಆ ವಾರದ ಮೇವು, ಸಾಗಣೆ, ಸಾವುನೋವು ಯಾರ ಲೆಕ್ಕಕ್ಕೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆಸಿ. ಕೆಳಗೆ ಕೊಂಡವರ ಸಹಿಯ ಜೊತೆಗೆ ಮಾವನವರ ಸಹಿಯನ್ನೂ ಹಾಕಿಸಿಕೊಳ್ಳಿ.